ಕೇಸರಿ ಬಾವುಟದ ದೋಣಿ: ಬ್ಯಾಂಕಾಕಿನಲ್ಲಿ ನನ್ನ ಮೊದಲ ಮೂರು ದಿನ

ಬ್ಯಾಂಕಾಕಿಗೆ ಇಳಿದು ಆರು ಗಂಟೆ ಆಗಿರಬೇಕು, ಅಷ್ಟೇ. ಒಂದು ಹರಳಿನ ಅಂಗಡಿಯ ಮೆತ್ತನೆ ಸೋಫಾದಲ್ಲಿ ಕೂತು ತಣ್ಣನೆ ನೀರು ಕುಡಿಯುತ್ತಿದ್ದೆ. ಎದುರಿಗೆ ಕೋಟು ತೊಟ್ಟ ಒಬ್ಬರು ನೀಲದ ಉಂಗುರಗಳ ತಟ್ಟೆ ಹಿಡಿದು ನಿಂತಿದ್ದರು. ನನ್ನ ಕಾಲಲ್ಲಿ ಹವಾಯಿ ಚಪ್ಪಲಿ. ಮಲಗಲು ಹಿಡಿದದ್ದು ಎಂಟು ಜನರ ಕೋಣೆಯಲ್ಲಿ ಒಂದು ಮಂಚ, ದಿನಕ್ಕೆ 350 ಬಾತ್. ಬಾತ್ ಅಂದರೆ ಇಲ್ಲಿನ ದುಡ್ಡು, ಬಿಸಿಬೇಳೆಯದ್ದಲ್ಲ. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ. ನೀಲ ಕೊಳ್ಳುವ ಗಿರಾಕಿ ನಾನಲ್ಲ ಎಂದು ಆ ಕೋಟಿನವರಿಗೂ ಗೊತ್ತಿತ್ತು, ಪಾಪ. ಆದರೂ ತಟ್ಟೆ ಇಳಿಸಲಿಲ್ಲ.

ಅಲ್ಲಿಗೆ ಹೇಗೆ ಬಂದೆ ಅಂತ ಹೇಳುತ್ತೇನೆ.

ಅದು 2025ರ ಜುಲೈ 8, ಮಂಗಳವಾರ. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿ ಬೆಳಗಿನ ಜಾವ ಡಾನ್ ಮುಯಾಂಗ್ ನಿಲ್ದಾಣದಲ್ಲಿ ಇಳಿದೆ. ಕಡಿಮೆ ದರದ ವಿಮಾನಗಳು ಹೆಚ್ಚಾಗಿ ಈ ಹಳೇ ನಿಲ್ದಾಣಕ್ಕೇ ಬರುತ್ತವೆ. ದೊಡ್ಡದು ಸುವರ್ಣಭೂಮಿ, ಅದು ಬೇರೆ ದಿಕ್ಕಿಗೆ. ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಳ್ಳಿ. ನಾನು ಹೋದಾಗ ಭಾರತದವರಿಗೆ ವೀಸಾ ಬೇಕಿರಲಿಲ್ಲ, 60 ದಿನ ಹಾಗೇ ಇರಬಹುದಿತ್ತು. ಆದರೆ ಆ ವರ್ಷದ ಮೇ 1ರಿಂದ ಆನ್‌ಲೈನ್ ಆಗಮನ ಫಾರಂ ಕಡ್ಡಾಯ ಮಾಡಿದ್ದರು. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ಪುಟವಲ್ಲ ಅಂತಲೇ ಅರ್ಥ.

ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ, ಬೆಳಗಿನ ಬಸ್ಸಿಗೆ ಕಾದು ಕೂತೆ. ಎ4 ಎಂಬ ಬಸ್ಸು, 50 ಬಾತ್, ನೇರ ಖಾವೋ ಸಾನ್ ರಸ್ತೆಯ ಹತ್ತಿರಕ್ಕೆ. ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಅಲೆಯುವವರೆಲ್ಲ ಬಂದು ಬೀಳುವ ಬೀದಿ ಇದು. ಖಾವೋ ಸಾನ್ ಅಂದರೆ ಅಕ್ಕಿ. ಒಂದು ಕಾಲಕ್ಕೆ ಅಕ್ಕಿ ವ್ಯಾಪಾರದ ಜಾಗ, ನಮ್ಮ ಅಕ್ಕಿಪೇಟೆ ಅನ್ನಿ. ಈಗ ರಾತ್ರಿಯಿಡೀ ಸ್ಪೀಕರ್ ಬಡಿಯುತ್ತದೆ. ಅದಕ್ಕೇ ನಾನು ಆ ಬೀದಿಯಲ್ಲಿ ಉಳಿಯಲಿಲ್ಲ. ಹತ್ತು ನಿಮಿಷ ನಡೆದರೆ ನದಿ ಪಕ್ಕ ಫ್ರಾ ಆತಿತ್ ರಸ್ತೆ. ಅಲ್ಲೊಂದು ಗಲ್ಲಿಯಲ್ಲಿ ಹಾಸ್ಟೆಲ್ ಹಿಡಿದಿದ್ದೆ. ಇಡೀ ಪ್ರವಾಸದಲ್ಲಿ ಹೊರಡುವ ಮೊದಲೇ ಮಾಡಿದ ಸರಿಯಾದ ಕೆಲಸ ಅಂದರೆ ಇದೊಂದೇ.

ಚೀಲ ಇಟ್ಟೆ, ಮುಖ ತೊಳೆದೆ, ನಿದ್ದೆಯಿಲ್ಲದ ಕಣ್ಣಲ್ಲೇ ಇಲ್ಲಿನ ರಾಜರ ಅರಮನೆ ಕಡೆ ಹೊರಟೆ. ಇದು ತಪ್ಪು. ನಿದ್ದೆಗೆಟ್ಟವರನ್ನು ಕಂಡರೆ ಊರಿನ ಚಾಲಾಕಿಗಳಿಗೆ ಗೊತ್ತಾಗಿಬಿಡುತ್ತದೆ. ಅರಮನೆ ಗೋಡೆಯ ಪಕ್ಕ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಹಿರಿಯರು ನಕ್ಕು, "ಇಂಡಿಯಾ?" ಅಂದರು. ಇವತ್ತು ಬುದ್ಧನ ಹಬ್ಬ, ಮಧ್ಯಾಹ್ನ ಒಂದರವರೆಗೆ ಅರಮನೆ ಬಾಗಿಲು ತೆಗೆಯಲ್ಲ, ಅಷ್ಟರಲ್ಲಿ ಮೂರು ದೇವಸ್ಥಾನ ನೋಡಿಬನ್ನಿ ಅಂತ ನನ್ನ ನಕ್ಷೆಯ ಮೇಲೇ ಪೆನ್ನಲ್ಲಿ ಗುರುತು ಹಾಕಿದರು. ಟುಕ್‌ಟುಕ್, ಅಂದರೆ ಅಲ್ಲಿನ ಆಟೋ, ಕರೆದು 40 ಬಾತ್‌ಗೆ ಅವರೇ ಚೌಕಾಸಿ ಮಾಡಿದರು. ನನ್ನ ಪರವಾಗಿ! ಬೆಂಗಳೂರಿನ ಆಟೋದವರ ಜೊತೆ ಹನ್ನೆರಡು ವರ್ಷ ಜಗಳವಾಡಿದವಳು ನಾನು. ಮೀಟರ್ ಮೇಲೆ ಜಾಸ್ತಿ ಕೇಳಿದರೆ ತಕ್ಷಣ ಎಚ್ಚರವಾಗುತ್ತದೆ. ಕಡಿಮೆ ಕೇಳಿದರೆ ಎಚ್ಚರವಾಗಬೇಕು ಅಂತ ಯಾರೂ ಕಲಿಸಿರಲಿಲ್ಲ.

ಮೊದಲ ದೇವಸ್ಥಾನ ನಿಜವಾಗಿಯೂ ಚೆನ್ನಾಗಿತ್ತು. ಅಲ್ಲಿ ಕೂತಿದ್ದ ಒಬ್ಬ ತಾನೂ ಪ್ರವಾಸಿ ಅಂತ ಮಾತಿಗೆಳೆದ. ಇಲ್ಲಿ ಹರಳು ಕೊಂಡು ತನ್ನ ಊರಲ್ಲಿ ಮಾರಿ ಎರಡರಷ್ಟು ಲಾಭ ಮಾಡಿದನಂತೆ. ಆಗಲೂ ನನಗೆ ಹೊಳೆಯಲಿಲ್ಲ. ಸೋಫಾದಲ್ಲಿ ಕೂತ ಮೇಲೆ ಹೊಳೆಯಿತು. ಮೈಸೂರಿನಲ್ಲಿ ಅರಮನೆ ನೋಡಲು ಬಂದವರನ್ನು ಆಟೋದವರು ರೇಷ್ಮೆ, ಗಂಧದೆಣ್ಣೆ ಅಂಗಡಿಗೆ ಇಳಿಸುತ್ತಾರಲ್ಲ, ಅದೇ ಆಟ. ಗಿರಾಕಿ ತಂದಿದ್ದಕ್ಕೆ ಇಲ್ಲಿ ಪೆಟ್ರೋಲ್ ಕೂಪನ್ ಸಿಗುತ್ತದೆ. ಆಮೇಲೆ ಸೂಟು ಹೊಲಿಯುವ ಅಂಗಡಿ. ಅಲ್ಲಿ ನಾನು ಒಳಗೇ ಹೋಗಲಿಲ್ಲ. ಚಾಲಕನ ಮುಖ ಸಪ್ಪಗಾಯಿತು. ಯಾವುದೋ ರಸ್ತೆಯಲ್ಲಿ ಇಳಿಸಿ ಹೋದ. ಸರಿಯಾಗಿ ಆಗಲೇ ಮಳೆ ಹೊಡೆಯಿತು.

ಕಳೆದುಕೊಂಡದ್ದು 40 ಬಾತ್ ಮತ್ತು ಒಂದು ಬೆಳಗ್ಗೆ. ಅರಮನೆ ಆ ದಿನ ತೆರೆದೇ ಇತ್ತು.

ಸಂಜೆ ಹೊಟ್ಟೆಯದ್ದು ಇನ್ನೊಂದು ಕತೆ. ಮೊಟ್ಟೆ ಬೇಡ, ಮಾಂಸ ಬೇಡ ಅಂತ ಕೈಸನ್ನೆಯಲ್ಲಿ ಹೇಳಿ ಪಡ್ ಥಾಯ್ ಎಂಬ ಹುರಿದ ನೂಡಲ್ಸ್ ತರಿಸಿದೆ. ಮೇಲೆ ಪುಟ್ಟ ಪುಟ್ಟ ಒಣ ಸಿಗಡಿ. ಗಾಡಿಯಾಕೆ ಮೋಸ ಮಾಡಿರಲಿಲ್ಲ. ಇಲ್ಲಿ ಸಿಗಡಿ, ಮೀನಿನ ಸಾಸ್ ಎಲ್ಲ ಉಪ್ಪು ಹುಳಿಯ ಲೆಕ್ಕ. ಹಾಸ್ಟೆಲ್ ಮೇಜಿನ ಹಿಂದೆ ಕೂರುತ್ತಿದ್ದ ಹಿರಿಯಾಕೆ ನನ್ನ ಚಟ್ನಿಪುಡಿ–ಬ್ರೆಡ್ಡಿನ ಊಟ ನೋಡಿ ಮರುಕಪಟ್ಟರು. ಅವರನ್ನು ಎಲ್ಲರೂ ಪೀ ಅಂತ ಕರೆಯುತ್ತಿದ್ದರು. ಅಕ್ಕನಿಗೂ ಅಣ್ಣನಿಗೂ ಅಲ್ಲಿ ಅದೊಂದೇ ಶಬ್ದ. ಅವರು ಮೂರು ಮಾತು ಕಲಿಸಿದರು: "ಚಾನ್ ಕಿನ್ ಜೇ." ನಾನು ಜೇ ತಿನ್ನುತ್ತೇನೆ, ಅಷ್ಟೇ.

ಈ ಜೇ ಎಂಬ ಒಂದಕ್ಷರ ನನ್ನನ್ನು ಕಾಪಾಡಿತು. ಚೀನೀ ಮೂಲದ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮಜ್ಜಿಯ ಮಡಿ ಅಡುಗೆ ಬ್ಯಾಂಕಾಕಿನ ಗಲ್ಲಿಯಲ್ಲಿ ಸಿಕ್ಕಿತಲ್ಲ! ಜೇ ಅಂಗಡಿಗೆ ಹಳದಿ ಬಟ್ಟೆ ಕಟ್ಟಿರುತ್ತಾರೆ, ಅದರ ಮೇಲೆ ಕೆಂಪು ಅಕ್ಷರ. ದೂರದಿಂದ 17 ಅಂತ ಬರೆದ ಹಾಗೆ ಕಾಣುತ್ತದೆ. ನಾನು ಮೂರು ದಿನವೂ ಆ ಹದಿನೇಳನ್ನು ಹುಡುಕಿಕೊಂಡೇ ಓಡಾಡಿದೆ. ಅನ್ನದ ಮೇಲೆ ಎರಡು ಪಲ್ಯ, 50 ಬಾತ್. ಬರೀ ಸಸ್ಯಾಹಾರಕ್ಕೆ ಇನ್ನೊಂದು ಶಬ್ದ ಇದೆ, ಮಂಸವಿರತ್. ಪೀ ಅದನ್ನು ಹೇಳಿದಾಗ ಮತ್ತೊಮ್ಮೆ ಹೇಳಿಸಿದೆ. ಮಾಂಸ ವಿರತಿ! ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರಬಹುದು, ಮೊಟ್ಟೆಯೂ ಬರಬಹುದು. ಮೊಟ್ಟೆ ಬೇಡವಾದರೆ "ಮಾಯ್ ಸಾಯ್ ಖಾಯ್" ಅನ್ನಬೇಕು.

ಅಲ್ಲಿಂದ ಮುಂದೆ ನನ್ನ ಕಿವಿ ತೆರೆಯಿತು. ಬ್ಯಾಂಕಾಕ್ ಅನ್ನುವುದು ನಮ್ಮ ಬಾಯಲ್ಲಿ. ಅವರಿಗೆ ಇದು ಕ್ರುಂಗ್ ಥೇಪ್. ಥೇಪ್ ಅಂದರೆ ದೇವ. ಊರಿನ ಪೂರ್ತಿ ಹೆಸರು ಒಂದು ದಂಡಕವೇ ಇದೆ, ಅದರಲ್ಲಿ ಇಂದ್ರನೂ ಬರುತ್ತಾನೆ, ವಿಶ್ವಕರ್ಮನೂ ಬರುತ್ತಾನೆ.

ಬುಧವಾರ ಟುಕ್‌ಟುಕ್ ಕಡೆ ತಿರುಗಿಯೂ ನೋಡಲಿಲ್ಲ. ನೆಲ ಬಿಟ್ಟು ನೀರಿಗೆ ಇಳಿದೆ. ಫ್ರಾ ಆತಿತ್ ರಸ್ತೆಯ ಹಿಂದೆಯೇ ಚಾವೋ ಫ್ರಾಯಾ ನದಿಯ ದೋಣಿಕಟ್ಟೆ. ಇಲ್ಲಿ ದೋಣಿಗಳಿಗೆ ಬಸ್ಸಿನ ನಂಬರಿನ ಹಾಗೆ ಬಾವುಟದ ಬಣ್ಣ. ನೀಲಿ ಬಾವುಟದ್ದು ಪ್ರವಾಸಿಗರಿಗೆ, ದರ ಜಾಸ್ತಿ. ಕಟ್ಟೆಯಲ್ಲಿ ಟಿಕೆಟ್ ಮಾರುವವರು ಅದನ್ನೇ ತೋರಿಸುತ್ತಾರೆ. ನಮಗೆ ಬೇಕಾದದ್ದು ಕೇಸರಿ ಬಾವುಟ. ಎಲ್ಲಿಂದ ಎಲ್ಲಿಗೆ ಹೋದರೂ 16 ಬಾತ್. ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಭಿಕ್ಷುಗಳು ಎಲ್ಲ ಅದರಲ್ಲೇ. ದೋಣಿ ಕಟ್ಟೆಗೆ ಪೂರ್ತಿ ನಿಲ್ಲುವುದೇ ಇಲ್ಲ ಅನ್ನಬಹುದು. ಹಿಂಭಾಗದಲ್ಲಿ ಹಗ್ಗ ಹಿಡಿದ ಹುಡುಗ ಸೀಟಿ ಊದುತ್ತಾನೆ. ಚಾಲಕನಿಗೆ ಹಿಂದಿನದು ಕಾಣುವುದಿಲ್ಲವಲ್ಲ, ಆ ಸೀಟಿಯೇ ಅವನ ಕಣ್ಣು. ಒಂದು ಬಗೆಯ ಸೀಟಿಗೆ ಹಿಂದಕ್ಕೆ, ಇನ್ನೊಂದಕ್ಕೆ ನಿಲ್ಲು, ಮತ್ತೊಂದಕ್ಕೆ ಹೊರಡು. ನಮ್ಮ ಕಂಡಕ್ಟರ "ರೈಟ್ ರೈಟ್" ನೆನಪಾಯಿತು. ಟಿಕೆಟ್ ಕೊಡುವಾಕೆ ತಗಡಿನ ಉದ್ದ ಡಬ್ಬಿಯನ್ನು ಟಕಟಕ ಕುಟ್ಟುತ್ತ ಬರುತ್ತಾಳೆ. ಚಿಲ್ಲರೆ, ಟಿಕೆಟ್ ಸುರುಳಿ ಎಲ್ಲ ಅದರೊಳಗೆ. ಭಿಕ್ಷುಗಳಿಗೆ ಅಂತ ಬಿಟ್ಟ ಜಾಗದಲ್ಲಿ ನಿಲ್ಲಬೇಡಿ. ಹೆಂಗಸರು ಅವರಿಗೆ ತಾಗಬಾರದು, ಏನನ್ನೂ ಕೈಗೆ ಕೊಡಬಾರದು.

ತಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಅರಮನೆ. ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಆ ಹೊತ್ತಿಗೇ ಇರಬೇಕು. ಮಂಡಿ ಮುಚ್ಚಬೇಕು, ತೋಳು ಮುಚ್ಚಬೇಕು. ನನ್ನ ಸಲ್ವಾರ್ ನೋಡಿ ಕಾವಲಿನವರು ಏನೂ ಅನ್ನದೆ ಬಿಟ್ಟರು. ಟಿಕೆಟ್ 500 ಬಾತ್, ಹೊಟ್ಟೆ ಉರಿಯಿತು ನಿಜ. 1782ರಲ್ಲಿ ಮೊದಲನೇ ರಾಮ ಎಂಬ ರಾಜ ರಾಜಧಾನಿ ಕಟ್ಟಿದಾಗ ಶುರುವಾದದ್ದು ಇದು. ಎಲ್ಲರೂ ಪಚ್ಚೆ ಬುದ್ಧನನ್ನು ನೋಡಲು ನುಗ್ಗುತ್ತಾರೆ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ರಾಜನೇ ಅವನ ಬಟ್ಟೆ ಬದಲಿಸುವುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಸುತ್ತಲಿನ ಮೊಗಸಾಲೆ. 178 ಚಿತ್ರಗಳಲ್ಲಿ ಇಡೀ ರಾಮಾಯಣ. ಅವರದು ರಾಮಕೀಯೆನ್. ರಾವಣ ಇಲ್ಲಿ ತೊಸಕನ್. ಬಾಯಲ್ಲಿ ಎರಡು ಸಲ ಆಡಿಸಿ ನೋಡಿ, ದಶಕಂಠ ಸಿಗುತ್ತಾನೆ. ಮೈ ಹಸಿರು. ಹನುಮಂತ ಬೆಳ್ಳಗೆ, ಆದರೆ ಬ್ರಹ್ಮಚಾರಿ ಅಲ್ಲವೇ ಅಲ್ಲ! ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ತೊಸಕನ್ನನ ಮಗಳು, ಮತ್ಸ್ಯಕನ್ಯೆ ಸುಪನ್ನಮಚ್ಚಾ, ಅವಳನ್ನೇ ಒಲಿಸಿಕೊಳ್ಳುತ್ತಾನೆ. ನಮ್ಮೂರ ಆಂಜನೇಯನ ಗುಡಿಯ ಪೂಜಾರಪ್ಪನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಎರಡು ಗಂಟೆ ಅಲ್ಲೇ ಗೋಡೆ ಓದುತ್ತ ನಿಂತೆ. 500 ಬಾತ್ ಅದಕ್ಕೇ ಅಂದುಕೊಂಡೆ.

ಅಲ್ಲಿಂದ ವಾಟ್ ಪೋ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಒಳಗೆ ಮಲಗಿದ ಬುದ್ಧ, ಉದ್ದ 46 ಮೀಟರ್. ಬೆಳಗೊಳದ ಗೊಮ್ಮಟನನ್ನು ತಲೆಗೆ ಕಾಲು ತಾಗಿಸಿ ಎರಡೂವರೆ ಸಲ ಮಲಗಿಸಿದಷ್ಟು. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನ 108 ಮಂಗಳ ಚಿಹ್ನೆ. ಬೆನ್ನ ಹಿಂದೆ 108 ಕಂಚಿನ ಪಾತ್ರೆ ಸಾಲಾಗಿ ಇಟ್ಟಿದ್ದಾರೆ. ಚಿಲ್ಲರೆ ತಗೊಂಡು ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತ ಹೋಗಬೇಕು. ಆ ಟಿಣ್ ಟಿಣ್ ಸದ್ದು ನಿಲ್ಲುವುದೇ ಇಲ್ಲ. ಪಕ್ಕದ ತಾ ತಿಯೆನ್ ಕಟ್ಟೆಯಿಂದ 5 ಬಾತ್ ಕೊಟ್ಟು ಹೊಳೆ ದಾಟಿದರೆ ವಾಟ್ ಅರುಣ್. ಹೌದು, ನಮ್ಮ ಅರುಣನೇ. ಪಿಂಗಾಣಿ ಚೂರುಗಳನ್ನು ಅಂಟಿಸಿ ಕಟ್ಟಿದ ಗೋಪುರ. ಹತ್ತಿರದಿಂದ ನೋಡಿದರೆ ಒಡೆದ ತಟ್ಟೆ, ದೂರದಿಂದ ಹೂವು. ಆ ಹೊತ್ತಿಗೆ ನನ್ನ ಕಾಲು ಸೋತಿತ್ತು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಎಟಿಎಂ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಾರ್ಡಿನಲ್ಲಿ ದುಡ್ಡು ತೆಗೆದರೆ ಒಂದು ಸಲಕ್ಕೆ 220 ಬಾತ್ ಅಲ್ಲಿನ ಬ್ಯಾಂಕೇ ಹಿಡಿಯಿತು. ನಾಲ್ಕು ಊಟದ ದುಡ್ಡು! ಸ್ವಲ್ಪ ಡಾಲರ್ ಒಯ್ದು ಊರೊಳಗಿನ ವಿನಿಮಯ ಅಂಗಡಿಯಲ್ಲಿ ಬದಲಿಸುವುದು ವಾಸಿ. ನೂರರ ನೋಟಿಗೆ ದರ ಹೆಚ್ಚು ಸಿಗುತ್ತದೆ. ಮಡಿಕೆ ಇಲ್ಲದ ನೋಟು ಇರಲಿ.

ಗುರುವಾರ ಕಾಲುವೆ. ಸೇನ್ ಸೇಪ್ ಎಂಬ ಕಾಲುವೆಯಲ್ಲಿ ಪೂರ್ವಕ್ಕೆ ಹೋಗುವ ದೋಣಿ ಇದೆ. ಹಳೇ ಊರಿನ ಅಂಚಿನಲ್ಲಿ ಪಾನ್ ಫಾ ಎಂಬಲ್ಲಿ ಹತ್ತಬೇಕು. ನದಿ ದೋಣಿ ಚೆಂದ, ಇದು ಚೆಂದ ಅಲ್ಲ. ನೀರಿನ ಬಣ್ಣ, ವಾಸನೆ ಎರಡೂ ಕೆಂಗೇರಿ ಕಡೆಯ ವೃಷಭಾವತಿಯನ್ನು ನೆನಪಿಸಿತು. ನೀರು ಸಿಡಿಯದಂತೆ ಪಕ್ಕಕ್ಕೆ ಟಾರ್ಪಾಲು. ಅಂಚಿನಲ್ಲಿ ಕೂತವರು ಹಗ್ಗ ಎಳೆದು ಎತ್ತಬೇಕು, ಹತ್ತುವವರಿಗೆ ಇಳಿಸಬೇಕು. ಯಾರೂ ಹೇಳುವುದಿಲ್ಲ, ನೋಡಿ ಕಲಿಯಬೇಕು. ನನಗೆ ಮೊದಲ ಸಿಡಿತ ಮುಖಕ್ಕೇ ಬಿತ್ತು. ಪಕ್ಕದ ಹುಡುಗಿ ನಕ್ಕು ಹಗ್ಗ ನನ್ನ ಕೈಗೆ ಕೊಟ್ಟಳು. ಟಿಕೆಟ್‌ನವನು ಹೆಲ್ಮೆಟ್ ಹಾಕಿ ಹೊರ ಅಂಚಿನ ಮೇಲೇ ನಡೆಯುತ್ತಾನೆ. ಸೇತುವೆ ಬಂದರೆ ಬಗ್ಗುತ್ತಾನೆ, ದೋಣಿಯ ಚಾವಣಿಯೂ ಬಗ್ಗುತ್ತದೆ. ಮೇಲೆ ರಸ್ತೆಯಲ್ಲಿ ಕಾರುಗಳು ನಿಂತೇ ಇದ್ದವು, ನಾವು ಕಾಲು ಗಂಟೆಯಲ್ಲಿ ಪ್ರತುನಾಮ್ ಎಂಬ ಕಟ್ಟೆ ಸೇರಿದ್ದೆವು. ಇಡೀ ಬ್ಯಾಂಕಾಕಿನಲ್ಲಿ ನನಗೆ ತುಂಬ ಇಷ್ಟವಾದ ಪ್ರಯಾಣ ಇದೇ.

ಅಲ್ಲಿಂದ ಸ್ವಲ್ಪ ನಡೆದರೆ ಎರಾವಾನ್ ಗುಡಿ. ಐರಾವತದ ಹೆಸರು, ಒಳಗಿರುವುದು ನಾಲ್ಕು ಮುಖದ ಬ್ರಹ್ಮ. ಹೋಟೆಲ್ ಕಟ್ಟುವಾಗ ಅಡ್ಡಿಗಳು ಬಂದವೆಂದು 1956ರಲ್ಲಿ ಪ್ರತಿಷ್ಠೆ ಮಾಡಿದ್ದು. ಮಾಲ್‌ಗಳ ನಡುವೆ, ಮೆಟ್ರೋ ಕಂಬದ ಕೆಳಗೆ, ಚೆಂಡುಹೂವಿನ ರಾಶಿ. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಹುಡುಕಿದರೂ ಸಿಗುವುದು ಕಷ್ಟ, ಇಲ್ಲಿ ಅವನಿಗೆ ಪುರುಸೊತ್ತೇ ಇಲ್ಲ.

ಸಂಜೆ ಹಾಸ್ಟೆಲಿಗೆ ಬರುವಾಗ ಮೂಲೆಯ ಅಂಗಡಿಯಲ್ಲಿ ಬಿಯರ್ ಮಾರುತ್ತಿರಲಿಲ್ಲ. ಪೀ ಬಿಳಿ ಬಟ್ಟೆ ಉಟ್ಟು ಹೊರಟಿದ್ದರು. ಇವತ್ತು ಆಸಾನ್ಹ ಬೂಚಾ ಅಂದರು. ಅಮ್ಮ ಬೆಳಗ್ಗೆಯೇ ವಾಟ್ಸಾಪ್ ಮಾಡಿದ್ದಳು, ಇವತ್ತು ಆಷಾಢ ಹುಣ್ಣಿಮೆ, ಗುರುಪೂರ್ಣಿಮೆ ಅಂತ. ಎರಡೂ ಒಂದೇ! ಆಷಾಢ ಪೂಜೆ. ಬುದ್ಧ ಸಾರನಾಥದಲ್ಲಿ ಮೊದಲ ಬೋಧನೆ ಮಾಡಿದ ದಿನ ಅವರಿಗೆ. ಮಂಗಳವಾರದ ಆ ಇಸ್ತ್ರಿ ಅಂಗಿಯವರು ಹಬ್ಬದ ಸುಳ್ಳನ್ನು ಎರಡು ದಿನ ಮುಂಚೆ ಹೇಳಿದ್ದರು ಅಷ್ಟೇ.

ಪೀ ಜೊತೆ ನಾನೂ ಹತ್ತಿರದ ದೇವಸ್ಥಾನಕ್ಕೆ ಹೋದೆ. ಕೈಯಲ್ಲಿ ಒಂದು ಕಮಲದ ಮೊಗ್ಗು, ಮೂರು ಊದುಬತ್ತಿ, ಒಂದು ಮೇಣದ ಬತ್ತಿ. ನೂರಾರು ಜನ ಮಾತಿಲ್ಲದೆ ಸುತ್ತು ಬರುತ್ತಿದ್ದರು. ತುಂತುರು ಮಳೆಗೆ ಬತ್ತಿ ಆರುತ್ತಿತ್ತು, ಪಕ್ಕದವರ ಬತ್ತಿಯಿಂದ ಹಚ್ಚಿಕೊಳ್ಳುವುದು, ಮತ್ತೆ ನಡೆಯುವುದು. ಮೇಣ ಬೆರಳ ಮೇಲೆ ಬಿದ್ದು ಗುಳ್ಳೆ ಎದ್ದಿತು. ಬತ್ತಿಗೆ ಒಂದು ಕಾಗದ ಸುತ್ತಿಕೊಳ್ಳಿ, ನೀವು ಹೋದರೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಎಷ್ಟು ಸುತ್ತು ಬಂದ್ಯೇ?"

"ಮೂರು."

"ಬಲಕ್ಕೋ ಎಡಕ್ಕೋ?"

"ಬಲಗೈ ಕಡೆಗೇ ಗುಡಿ ಇತ್ತಮ್ಮ."

"ಹಾಗಾದ್ರೆ ಸರಿ ಬಿಡು. ಚಟ್ನಿಪುಡಿ ಇನ್ನೂ ಇದೆಯಾ?"