ಸ್ನಾನ ಮೊದಲು, ಜಲಪಾತ ಆಮೇಲೆ: ಗೋಲ್ಡನ್ ಸರ್ಕಲ್ ಮಾರ್ಗವನ್ನು ತಿರುಗಿಸಿದ ನನ್ನ ಅನುಭವ

ಐಸ್‌ಲ್ಯಾಂಡಿನ ಗೋಲ್ಡನ್ ಸರ್ಕಲ್ ಮಾರ್ಗದಲ್ಲಿ ಖಾಸಗಿಯಾಗಿ ಒಂದು ದಿನದ ಟೂರ್ ನಡೆಸುವವರೆಲ್ಲರೂ ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಬೆಳಿಗ್ಗೆ ಹಳೆಯ ಜನಸಭೆಯ ಜಾಗವಾದ ಥಿಂಗ್‌ವೆಟ್ಲಿರ್, ಮಧ್ಯಾಹ್ನದ ಆಸುಪಾಸಿನಲ್ಲಿ ಗೇಸಿರ್‌ನ ಬಿಸಿನೀರಿನ ಚಿಮ್ಮುಬುಗ್ಗೆಗಳು ಮತ್ತು ಗುಲ್‌ಫಾಸ್ ಜಲಪಾತ, ಎಲ್ಲ ಮುಗಿದ ಮೇಲೆ ಬಿಸಿನೀರಿನ ಕೊಳದಲ್ಲಿ ಸ್ನಾನ. ನಾನು ಈ ಕ್ರಮವನ್ನು ಬುಡಮೇಲು ಮಾಡಿ, ಸ್ನಾನವನ್ನು ದಿನದ ಮೊದಲರ್ಧಕ್ಕೆ ತಂದು, ಥಿಂಗ್‌ವೆಟ್ಲಿರ್ ಅನ್ನು ಕೊನೆಗೆ ಇಟ್ಟಿದ್ದೇನೆ. ಆರಂಭದಲ್ಲಿ ಇದನ್ನು ಕೇಳಿದ ಹಿರಿಯ ಗೈಡ್ ಒಬ್ಬರು, ಬಿಸಿನೀರಿನಿಂದ ಎದ್ದುಬಂದವರು ವ್ಯಾನಿನಲ್ಲಿ ನಿದ್ದೆ ಹೊಡೆಯುತ್ತಾರೆಯೇ ಹೊರತು ಜಲಪಾತ ನೋಡುವುದಿಲ್ಲ ಎಂದಿದ್ದರು. ಬೆಳಿಗ್ಗೆ ಹತ್ತೂವರೆಗೆ ಹೊರಡುವ ಟೂರನ್ನು ಯಾವ ಹೋಟೆಲಿನ ಕೌಂಟರೂ ಮಾರಲು ಒಪ್ಪಿರಲಿಲ್ಲ. ಈಗ ನನ್ನ ಬೇಸಿಗೆಯ ಬುಕಿಂಗ್ ಪೈಕಿ ಹೆಚ್ಚಿನವು ಇದೇ ಕ್ರಮವನ್ನು ಹೆಸರಿಸಿ ಕೇಳುವಂಥವು. ಪರವಾನಗಿ, ವಿಮೆ, ವ್ಯಾನು, ಟೈರುಗಳ ವಿಚಾರ ಈ ಕೆಲಸದಲ್ಲಿರುವ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಟ್ಟು, ಈ ಕ್ರಮಕ್ಕೆ ಬಂದ ದಾರಿಯನ್ನಷ್ಟೇ ಬರೆಯುತ್ತೇನೆ.

ನನ್ನ ಗುರಿ ಮೊದಲಿನಿಂದಲೂ ಒಂದೇ ಆಗಿತ್ತು: ದೊಡ್ಡ ಬಸ್ಸುಗಳು ಇರುವ ಹೊತ್ತಿನಲ್ಲಿ ನನ್ನ ಅತಿಥಿಗಳು ಅಲ್ಲಿ ಇರಬಾರದು. ರಾಜಧಾನಿ ರೇಕ್ಯಾವಿಕ್‌ನಿಂದ ಬಸ್ಸುಗಳು ಎಂಟೂವರೆ, ಒಂಬತ್ತರ ಹೊತ್ತಿಗೆ ಹೊರಟು ಹತ್ತಕ್ಕೆ ಮುಂಚೆ ಥಿಂಗ್‌ವೆಟ್ಲಿರ್‌ನಲ್ಲಿ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಗೇಸಿರ್‌ನಲ್ಲಿ, ಅಲ್ಲಿಂದ ಮುಂದೆ ಗುಲ್‌ಫಾಸ್‌ನಲ್ಲಿ ತುಂಬಿಕೊಳ್ಳುತ್ತವೆ. ಖಾಸಗಿ ಟೂರಿಗೆ ದುಪ್ಪಟ್ಟಿಗಿಂತ ಹೆಚ್ಚು ಹಣ ಕೊಟ್ಟವರು ಆ ಜನಸಂದಣಿಯಲ್ಲೇ ನಿಂತು ಫೋಟೊ ತೆಗೆಯಬೇಕಾದರೆ, ಕೊಟ್ಟ ಹಣಕ್ಕೆ ಅವರಿಗೆ ಸಿಕ್ಕಿದ್ದು ಮೆತ್ತನೆಯ ಸೀಟು ಮಾತ್ರ ಎಂದಾಗುತ್ತದೆ.

ಆದ್ದರಿಂದ ಮೊದಲು ಪ್ರಯತ್ನಿಸಿದ್ದು ಎಲ್ಲರಿಗೂ ತೋಚುವ ಉಪಾಯವನ್ನೇ. ಬೆಳಿಗ್ಗೆ ಆರಕ್ಕೆ ಹೊರಟು ಬಸ್ಸುಗಳಿಗಿಂತ ಮುಂದೆ ಓಡುವುದು. ಜನರಿಲ್ಲದ ಸ್ಥಳಗಳೇನೋ ಸಿಕ್ಕವು. ಆದರೆ ಹೋಟೆಲಿನ ಉಪಾಹಾರ ಏಳಕ್ಕೆ ಮುಂಚೆ ಸಿಗದ ಕಾರಣ ಹಸಿದು ಹೊರಟ ಕುಟುಂಬಗಳು ಒಂಬತ್ತರ ಹೊತ್ತಿಗೆ ಕಿರಿಕಿರಿಗೊಳ್ಳುತ್ತಿದ್ದವು, ಬಿಸಿನೀರಿನ ಕೊಳ ಹತ್ತಕ್ಕೆ ತೆರೆಯುವವರೆಗೆ ಕಾಯಬೇಕಾಗುತ್ತಿತ್ತು, ಇವೆಲ್ಲಕ್ಕಿಂತ ಮುಖ್ಯವಾಗಿ ಗುಲ್‌ಫಾಸ್ ಸೊರಗಿದಂತೆ ಕಾಣುತ್ತಿತ್ತು. ನಾವು ನಿಂತು ನೋಡುವುದು ಹ್ವೀಟಾ ನದಿಯ ಪಶ್ಚಿಮ ದಂಡೆಯಿಂದ. ಬೆಳಗಿನ ಸೂರ್ಯ ಎದುರಿನಿಂದ ಕಣ್ಣಿಗೆ ಹೊಡೆಯುವುದರಿಂದ ನೀರಿನ ತುಂತುರು ಬರೀ ಬೂದುಬಣ್ಣದ ಹೊಗೆಯಂತೆ ಕಾಣುತ್ತದೆ, ಕಾಮನಬಿಲ್ಲಿನ ಸುಳಿವೇ ಇರುವುದಿಲ್ಲ. ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ಬೆನ್ನ ಹಿಂದಿರಬೇಕು. ಅಂದರೆ ಗುಲ್‌ಫಾಸ್ ನೋಡಬೇಕಾದದ್ದು ಮಧ್ಯಾಹ್ನ ಇಳಿದ ಮೇಲೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಾಟಿದ ಮೇಲೆ ಉಳಿದ ಕ್ರಮವೆಲ್ಲ ಅದರ ಸುತ್ತಲೇ ಕಟ್ಟಿಕೊಂಡಿತು.

ಎರಡನೆಯ ಪ್ರಯತ್ನ ಮಧ್ಯಾಹ್ನ ಮೂರಕ್ಕೆ ಹೊರಡುವುದಾಗಿತ್ತು. ಜೂನ್‌ನಲ್ಲಿ ಮಧ್ಯರಾತ್ರಿಯವರೆಗೂ ಬೆಳಕಿರುವುದರಿಂದ ಕಾಗದದ ಮೇಲೆ ಅದು ಬಹಳ ಚೆನ್ನಾಗಿತ್ತು. ಆದರೆ ಕೊಳ ಮುಚ್ಚುವ ಹೊತ್ತಿಗೆ ತಲುಪಬೇಕೆಂಬ ಧಾವಂತದಲ್ಲಿ ಗೇಸಿರ್‌ನಲ್ಲಿ ಅತಿಥಿಗಳನ್ನು ಅವಸರಪಡಿಸಬೇಕಾಗುತ್ತಿತ್ತು, ಮಕ್ಕಳಿದ್ದ ಕುಟುಂಬಗಳು ಹತ್ತು ಗಂಟೆಯ ನಂತರ ಬೆಳಕಿದ್ದರೂ ಸೋತುಹೋಗುತ್ತಿದ್ದವು. ಆ ಬೇಸಿಗೆಯಲ್ಲಿ ಖಾಲಿ ಬಿದ್ದ ದಿನಗಳ ಲೆಕ್ಕ ಹಿಡಿದರೆ ಕೈಬಿಟ್ಟ ಆದಾಯ ಏಳೆಂಟು ಲಕ್ಷ ಕ್ರೋನಾ ಆಗಿರಬೇಕು. ಅದರ ನಡುವೆ ಬ್ರೂಆರ್‌ಫಾಸ್ ಜಲಪಾತದ ನೀಲಿಯನ್ನು ತೋರಿಸಬೇಕೆಂಬ ಆಸೆಯಿಂದ ನದಿಯ ಪಕ್ಕದ ಮೂರೂವರೆ ಕಿಲೋಮೀಟರ್ ಕಾಲುದಾರಿಯನ್ನೂ ಸೇರಿಸಿ ನೋಡಿದೆ. ಕೆಸರಿನಲ್ಲಿ ಹೋಗಿ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಆ ಜಲಪಾತಕ್ಕೆ ಪ್ರತ್ಯೇಕ ದಿನವೇ ಬೇಕು, ಹತ್ತು ಸ್ಥಳಗಳ ನಡುವೆ ತುರುಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗಿನ ಬೇಸಿಗೆಯ ಕ್ರಮ ಹೀಗಿದೆ. ಹತ್ತೂವರೆಗೆ ರೇಕ್ಯಾವಿಕ್ ಬಿಟ್ಟು, ಹೆಟ್ಲಿಸ್‌ಹೇದಿ ಎಂಬ ಎತ್ತರದ ಬಯಲು ದಾಟಿ, ಸೆಲ್‌ಫೋಸ್ ಊರಿನ ಬಳಿ ತಿರುಗಿ, ಹನ್ನೊಂದೂವರೆಗೆ ಕೆರಿದ್ ಎಂಬ ಜ್ವಾಲಾಮುಖಿ ಕುಳಿಗೆ ತಲುಪುತ್ತೇವೆ. ಅಲ್ಲಿ ಅರ್ಧ ಗಂಟೆ ಸಾಕು. ಅಲ್ಲಿಂದ ಫ್ಲೂದಿರ್ ಊರಿನ ಗಮ್ಲಾ ಲೌಗಿನ್, ಅಂದರೆ ಪ್ರವಾಸಿಗಳು ಸೀಕ್ರೆಟ್ ಲಗೂನ್ ಎಂದು ಕರೆಯುವ ಹಳೆಯ ಈಜುಕೊಳ. ಇದು 1891ರಲ್ಲಿ ಕಟ್ಟಿದ್ದು, ನೀರು ವರ್ಷವಿಡೀ 38ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಂದು ಗಂಟೆಯ ಹೊತ್ತಿಗೆ ಅಲ್ಲಿ ಜನ ಬಹಳ ಕಡಿಮೆ, ಏಕೆಂದರೆ ಬಸ್ಸುಗಳ ಜನರೆಲ್ಲ ಆಗ ಗೇಸಿರ್‌ನಲ್ಲಿ ಊಟದ ಸಾಲಿನಲ್ಲಿ ನಿಂತಿರುತ್ತಾರೆ. ನಾವು ಗುಲ್‌ಫಾಸ್‌ಗೆ ಹೊರಡುವಾಗ ಅವರು ಈ ಕೊಳದ ಕಡೆಗೆ ಬರತೊಡಗುತ್ತಾರೆ. ಇಬ್ಬರೂ ದಾರಿಯಲ್ಲಿ ಎದುರುಬದುರಾಗಿ ದಾಟುತ್ತೇವೆ, ಒಂದೇ ಸ್ಥಳದಲ್ಲಿ ಸೇರುವುದಿಲ್ಲ.

ಈ ಕೊಳವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಅದರ ಪಕ್ಕದಲ್ಲೇ ಒಂದು ಪುಟ್ಟ ಚಿಮ್ಮುಬುಗ್ಗೆ ಐದು ನಿಮಿಷಕ್ಕೊಮ್ಮೆ ಎನ್ನುವಂತೆ ನೀರುಗುಳುತ್ತಿರುತ್ತದೆ. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕುಳಿತ ಅತಿಥಿ ಅದನ್ನು ಹತ್ತಾರು ಬಾರಿ ನೋಡುತ್ತಾರೆ. ಕೆಳಗೆ ಬಂಡೆಯ ಶಾಖದಿಂದ ಕಾದ ನೀರು ಮೇಲಿನ ನೀರಿನ ಭಾರದಿಂದಾಗಿ ನೂರು ಡಿಗ್ರಿ ದಾಟಿದರೂ ಕುದಿಯದೆ ಇದ್ದು, ಮೇಲಿನ ಸ್ವಲ್ಪ ನೀರು ಉಕ್ಕಿ ಭಾರ ಇಳಿದೊಡನೆ ಒಮ್ಮೆಗೇ ಹಬೆಯಾಗಿ ಹೊರಹಾರುತ್ತದೆ ಎಂಬ ವಿವರಣೆಯನ್ನು ನಾನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಸಂಜೆ ಗೇಸಿರ್‌ನ ದೊಡ್ಡ ಚಿಮ್ಮುಬುಗ್ಗೆ ಸ್ಟ್ರೋಕುರ್ ಮುಂದೆ ನಿಂತಾಗ ಮಾತಿನ ಅಗತ್ಯವಿರುವುದಿಲ್ಲ, ಅವರು ಬರೀ ನೋಡಿದರೆ ಸಾಕು.

ನಿದ್ದೆಯ ವಿಚಾರದಲ್ಲಿ ಆ ಹಿರಿಯರು ಹೇಳಿದ್ದು ಪೂರ್ತಿ ತಪ್ಪಲ್ಲ. ಎರಡು ಗಂಟೆ ನೀರಿನಲ್ಲಿ ಬಿಟ್ಟರೆ ಖಂಡಿತ ಮಲಗುತ್ತಾರೆ. ನೀರಿಗಿಳಿದು ಸುಮಾರು ಒಂದು ಗಂಟೆ ಕಳೆದ ಮೇಲೆ ಎಬ್ಬಿಸಿ, ಕೂದಲನ್ನು ಚೆನ್ನಾಗಿ ಒಣಗಿಸಲು ಸಮಯ ಕೊಟ್ಟು, ಉಣ್ಣೆಯ ಟೋಪಿ ಕೊಟ್ಟು, ಕೂಡಲೇ ಬಿಸಿ ಸೂಪು ಮತ್ತು ಬ್ರೆಡ್ಡಿನ ಊಟ ಮಾಡಿಸಿದರೆ ನಿದ್ದೆ ಬರುವುದಿಲ್ಲ. ಎಬ್ಬಿಸುವ ಹೊತ್ತನ್ನು ನಾನು ಹೇಗೆ ನಿರ್ಧರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡಿಗೆ ಸೇರಿದ್ದು. ಮೈ ಒಳಗಿನಿಂದ ಬೆಚ್ಚಗಾದವರು ಗುಲ್‌ಫಾಸ್‌ನ ಗಾಳಿಯಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಾರೆ. ಹಳೆಯ ಕ್ರಮದಲ್ಲಿ ಹದಿನೈದು ನಿಮಿಷಕ್ಕೆ ವ್ಯಾನಿಗೆ ಓಡಿಬರುತ್ತಿದ್ದರು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ನಾನದ ಮುಂಚಿನ ನಿಯಮದ ಬಗ್ಗೆ ವ್ಯಾನಿನಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡಬೇಕು. ಐಸ್‌ಲ್ಯಾಂಡಿನ ಕೊಳಗಳಲ್ಲಿ ಈಜುಡುಪು ತೊಡುವ ಮೊದಲು ಬರಿಮೈಯಲ್ಲಿ ಸೋಪು ಹಚ್ಚಿ ತೊಳೆದುಕೊಳ್ಳುವುದು ಕಡ್ಡಾಯ. ಹರಿಯುವ ನೈಸರ್ಗಿಕ ನೀರನ್ನು ಔಷಧಿ ಹಾಕದೆ ಶುಚಿಯಾಗಿಡುವುದು ಈ ನಿಯಮದಿಂದಲೇ. ಕಾರಣ ತಿಳಿಸಿ ಹೇಳಿದರೆ ಬಹುತೇಕ ಯಾರೂ ತಕರಾರು ಮಾಡುವುದಿಲ್ಲ, ಬಾಗಿಲಲ್ಲಿ ಫಲಕ ನೋಡಿ ತಿಳಿದುಕೊಂಡವರು ಮಾತ್ರ ಗಾಬರಿಯಾಗುತ್ತಾರೆ. ಬೆಳ್ಳಿಯ ಒಡವೆಗಳನ್ನು ಬೆಳಿಗ್ಗೆಯೇ ತೆಗೆಸಿಡುತ್ತೇನೆ, ಗಂಧಕದ ಅನಿಲ ತಗುಲಿದರೆ ಕಪ್ಪಾಗುತ್ತವೆ.

ಊಟವಾದ ಮೇಲೆ ದಾರಿಯಲ್ಲಿ ಫಕ್ಸಿ ಜಲಪಾತಕ್ಕೆ ಕಾಲು ಗಂಟೆ ಮೀಸಲು. ಎತ್ತರ ಏಳು ಮೀಟರ್ ಇರಬಹುದು, ಆದರೆ ಅಗಲವಾಗಿದೆ, ಪಕ್ಕದಲ್ಲಿ ಸಾಲ್ಮನ್ ಮೀನುಗಳು ಹತ್ತಲು ಕಟ್ಟಿದ ಮೆಟ್ಟಿಲುಗಳಿವೆ, ಮಕ್ಕಳಿಗೆ ಗುಲ್‌ಫಾಸ್‌ಗಿಂತ ಇದೇ ಇಷ್ಟವಾಗುವುದೂ ಉಂಟು. ನಾಲ್ಕರ ಹೊತ್ತಿಗೆ ಗುಲ್‌ಫಾಸ್. ಲಾಂಗ್‌ಯೋಕುಟ್ಲ್ ಹಿಮನದಿಯಿಂದ ಬರುವ ನೀರು ಮೊದಲು 11 ಮೀಟರ್, ಆಮೇಲೆ 21 ಮೀಟರ್ ಧುಮುಕಿ ಕಂದರಕ್ಕೆ ಬೀಳುತ್ತದೆ, ಬೇಸಿಗೆಯಲ್ಲಿ ಸೆಕೆಂಡಿಗೆ ಸರಾಸರಿ 140 ಘನ ಮೀಟರ್. ಮೇಲಿನ ಕಟ್ಟೆಯಿಂದ ಆರಂಭಿಸಬೇಡಿ. ಮೊದಲು ಕೆಳಗಿನ ದಾರಿಯಲ್ಲಿ ಬಂಡೆಯವರೆಗೆ ಕರೆದೊಯ್ದು, ನೀರಿನ ಸದ್ದು ಎದೆಗೆ ತಾಗಿದ ಮೇಲೆ ಮೇಲಕ್ಕೆ ಬಂದರೆ ಇಡೀ ರೂಪ ಅರ್ಥವಾಗುತ್ತದೆ. ಈ ಜಲಪಾತವನ್ನು ವಿದ್ಯುತ್ತಿಗಾಗಿ ಬಳಸಿಕೊಳ್ಳುವ ಯೋಜನೆಯ ವಿರುದ್ಧ ಬ್ರಾಟ್‌ಹೋಲ್ಟ್ ರೈತನ ಮಗಳು ಸಿಗ್ರಿದುರ್ ತೋಮಾಸ್‌ದೋತ್ತಿರ್ ಹೋರಾಡಿದ ಕಥೆಯನ್ನು ಅಲ್ಲಿರುವ ಅವರ ಸ್ಮಾರಕದ ಮುಂದೆಯೇ ಹೇಳುತ್ತೇನೆ. ಅವರ ಪರ ವಾದಿಸಿದ ವಕೀಲ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು ಎಂದಾಗ ಕೇಳುವವರ ಮುಖ ಅರಳುತ್ತದೆ.

ಐದೂಕಾಲಿಗೆ, ಹತ್ತು ಕಿಲೋಮೀಟರ್ ಹಿಂದಕ್ಕೆ ಬಂದು, ಗೇಸಿರ್ ಇರುವ ಹೌಕಾದಾಲುರ್ ಕಣಿವೆಯಲ್ಲಿ ಸ್ಟ್ರೋಕುರ್. ಜಾಗಕ್ಕೆ ಹೆಸರು ಕೊಟ್ಟ ಹಳೆಯ ಗೇಸಿರ್ ಬುಗ್ಗೆ ಈಗ ಬಹುತೇಕ ಮಲಗಿದೆ. 2000ದ ಭೂಕಂಪದ ನಂತರ ಸ್ವಲ್ಪ ಕಾಲ ಎದ್ದಿತ್ತು. ಸ್ಟ್ರೋಕುರ್ ಕೂಡ 1896ರ ಭೂಕಂಪದಲ್ಲಿ ಮುಚ್ಚಿಹೋಗಿದ್ದು, 1963ರಲ್ಲಿ ಅದರ ಕೊಳವೆಯನ್ನು ಕೊರೆದು ಶುಚಿಗೊಳಿಸಿದ ಮೇಲೆ ಮತ್ತೆ ಚಿಮ್ಮತೊಡಗಿತು. ಒಂದು ಇಡೀ ಬೇಸಿಗೆ ನಾನು ಗಡಿಯಾರ ಹಿಡಿದು ಸ್ಟ್ರೋಕುರ್‌ನ ಚಿಮ್ಮುಗಳ ನಡುವಿನ ಅಂತರವನ್ನು ಪುಸ್ತಕದಲ್ಲಿ ಬರೆದಿಟ್ಟೆ. ಮಳೆಗೋ ಗಾಳಿಗೋ ಸಂಬಂಧವಿದೆಯೇ ಎಂದು ತಿಳಿಯುವ ಕುತೂಹಲವಿತ್ತು. ನನಗೆ ಯಾವ ಸಂಬಂಧವೂ ಕಾಣಲಿಲ್ಲ. ಹೆಚ್ಚಿನವು ಐದರಿಂದ ಹತ್ತು ನಿಮಿಷದೊಳಗೆ, ಕೆಲವೊಮ್ಮೆ ಬೆನ್ನುಬೆನ್ನಿಗೆ ಎರಡು ಮೂರು. ಆ ಪುಸ್ತಕದಿಂದ ಒಂದು ಪ್ರಯೋಜನವಾಯಿತು: ಮೂರು ಚಿಮ್ಮು ನೋಡಿದವರು ತೃಪ್ತಿಯಿಂದ ಹೊರಡುತ್ತಾರೆ, ಅದಕ್ಕೆ ಅರ್ಧ ಗಂಟೆ ಸಾಕು. ಮೊದಲನೆಯದನ್ನು ಫೋನ್ ಜೇಬಿನಲ್ಲಿಟ್ಟು ನೋಡಿಸುತ್ತೇನೆ, ನೀಲಿ ಗುಮ್ಮಟ ಉಬ್ಬುವ ಆ ಅರೆ ಕ್ಷಣವನ್ನು ಪರದೆಯ ಮೇಲೆ ನೋಡಿದರೆ ನೋಡಿದಂತಲ್ಲ. ಗಾಳಿ ಬರುವ ಕಡೆಗೇ ನಿಲ್ಲಿಸಬೇಕು. ಹನಿ ಬಿದ್ದ ಕನ್ನಡಕ ಮತ್ತು ಲೆನ್ಸನ್ನು ಕೂಡಲೇ ಒರೆಸಿಸಬೇಕು, ನೀರಿನಲ್ಲಿರುವ ಸಿಲಿಕಾ ಒಣಗಿದರೆ ಬಿಳಿ ಕಲೆ ಹೋಗುವುದಿಲ್ಲ. ಮೂರನೆಯ ಚಿಮ್ಮಿಗೆ ನಾನು ನಿಲ್ಲಿಸುವ ಜಾಗವೊಂದಿದೆ, ಅದನ್ನು ನೀವೇ ಹುಡುಕಿಕೊಳ್ಳಿ.

ಬಿಸಿನೆಲದಲ್ಲಿ ಅಡುಗೆ ಮಾಡಿ ತೋರಿಸುವ ಪ್ರಯೋಗವನ್ನೂ ಮಾಡಿದ್ದೆ. ಲೌಗರ್ವಾತ್ನ್ ಸರೋವರದ ದಂಡೆಯ ಬಿಸಿ ಮರಳಿನಲ್ಲಿ ರೈ ಬ್ರೆಡ್ಡಿನ ಪಾತ್ರೆ ಹೂತು 24 ಗಂಟೆ ಬಿಡುವುದು ಅಲ್ಲಿನ ಹಳೆಯ ಪದ್ಧತಿ. ಹಿಂದಿನ ದಿನ ಹೂಳಲು ಪ್ರತ್ಯೇಕವಾಗಿ ಹೋಗಿಬರುವ ಡೀಸೆಲ್ ಖರ್ಚು ಬ್ರೆಡ್ಡಿನ ಬೆಲೆಗಿಂತ ಹಲವು ಪಟ್ಟಾಯಿತು. ಹ್ವೆರಾಗೆರ್ದಿಯ ಬಿಸಿಬುಗ್ಗೆಗಳ ಉದ್ಯಾನದಲ್ಲಿ ಮೊಟ್ಟೆ ಬೇಯಿಸುವುದು ಅಗ್ಗವಾಗಿತ್ತು, ಅತಿಥಿಗಳಿಗೂ ಹಿಡಿಸಿತು, ಆದರೆ ಮುಕ್ಕಾಲು ಗಂಟೆ ತಿಂದು ಇಡೀ ದಿನವನ್ನು ಹಿಂದಕ್ಕೆ ತಳ್ಳುತ್ತಿತ್ತು. ಕೇಳಿದವರಿಗೆ ಮಾತ್ರ ಈಗ ಮಾಡಿಸುತ್ತೇನೆ.

ಏಳೂಕಾಲಿಗೆ ಥಿಂಗ್‌ವೆಟ್ಲಿರ್ ತಲುಪಿದಾಗ ಅಲ್ಮನ್ನಾಗ್ಯಾ ಬಿರುಕಿನಲ್ಲಿ ನಮ್ಮ ಹೆಜ್ಜೆಯ ಸದ್ದೇ ಕೇಳುವಷ್ಟು ನಿಶ್ಶಬ್ದ. 930ರಲ್ಲಿ ಜನಸಭೆ ಸೇರಿದ ಜಾಗವನ್ನು ಬಸ್ಸಿನ ಗದ್ದಲದಲ್ಲಿ ವಿವರಿಸುವುದಕ್ಕೂ ಸಂಜೆಯ ಆ ಬೆಳಕಿನಲ್ಲಿ ವಿವರಿಸುವುದಕ್ಕೂ ಹೋಲಿಕೆಯೇ ಇಲ್ಲ. ಓಕ್ಸರಾರ್‌ಫಾಸ್ ಜಲಪಾತದವರೆಗೆ ನಡೆದು, ಒಂಬತ್ತೂಕಾಲಿಗೆ ರೇಕ್ಯಾವಿಕ್. ಒಟ್ಟು 250 ಕಿಲೋಮೀಟರ್ ಆಸುಪಾಸು.

ಹಣದ ವಿಚಾರ. ಆರಂಭದಲ್ಲಿ ಒಂದು ವ್ಯಾನಿಗೆ 90 ಸಾವಿರ ಕ್ರೋನಾ ಹೇಳುತ್ತಿದ್ದೆ, ಈಗ 1 ಲಕ್ಷ 40 ಸಾವಿರದ ಹತ್ತಿರ ಹೇಳುತ್ತೇನೆ, ಚೌಕಾಸಿ ಬಹಳ ಕಡಿಮೆ. ಖರ್ಚನ್ನು ನಾನು ಲೆಕ್ಕ ಹಾಕಿದಾಗ ಡೀಸೆಲ್ ಏಳೆಂಟು ಸಾವಿರ, ಕೊಳದ ಪ್ರವೇಶ ತಲೆಗೆ ಮೂರೂವರೆಯಿಂದ ನಾಲ್ಕು ಸಾವಿರ, ಥಿಂಗ್‌ವೆಟ್ಲಿರ್ ಪಾರ್ಕಿಂಗ್ ಮತ್ತು ಕೆರಿದ್ ಪ್ರವೇಶ ಸೇರಿ ಇನ್ನೆರಡು ಮೂರು ಸಾವಿರ, ಜೊತೆಗೆ ಶೇ. 11ರ ತೆರಿಗೆ ಇತ್ತು. ಆನ್‌ಲೈನ್ ಮಾರಾಟ ತಾಣಗಳು ಕಾಲುಭಾಗ ಕತ್ತರಿಸುತ್ತಿದ್ದವು. ಈ ಕ್ರಮ ಹಿಡಿದ ಮೇಲೆ ನೇರ ಬುಕಿಂಗ್ ಅರ್ಧಕ್ಕಿಂತ ಹೆಚ್ಚಾಗಿರುವುದೇ ನಿಜವಾದ ಲಾಭ. ಪ್ರವೇಶ ಶುಲ್ಕವನ್ನು ಬೆಲೆಯೊಳಗೇ ಸೇರಿಸಿಬಿಡಿ. ದಾರಿಯಲ್ಲಿ ಪದೇ ಪದೇ ಕಾರ್ಡ್ ತೆಗೆಸಿದರೆ ಅತಿಥಿಗೆ ಪ್ರತಿ ಸ್ಥಳವೂ ದುಬಾರಿಯಾಗಿ ಕಾಣುತ್ತದೆ.

ಚಳಿಗಾಲದಲ್ಲಿ ಇದು ನಡೆಯುವುದಿಲ್ಲ ಎಂದವರೇ ಹೆಚ್ಚು. ನಡೆದದ್ದಷ್ಟೇ ಅಲ್ಲ, ಇನ್ನೂ ಚೆನ್ನಾಗಿ ನಡೆಯಿತು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹನ್ನೊಂದೂಕಾಲು ದಾಟಿದ ಮೇಲೆ ಮೂಡಿ ಮೂರೂವರೆಗೆ ಮುಳುಗುತ್ತಾನೆ. ಬೆಳಗಿನ ಕತ್ತಲನ್ನು ಎಲ್ಲರೂ ಹೋಟೆಲಿನಲ್ಲಿ ಕಳೆಯುವಾಗ ನಾವು ಎಂಟೂವರೆಗೆ ಹೊರಟು ಕೆರಿದ್ ಬಿಟ್ಟು ನೇರವಾಗಿ ಫ್ಲೂದಿರ್‌ಗೆ ಹೋಗಿ, ಹತ್ತಕ್ಕೆ ಬಾಗಿಲು ತೆರೆಯುತ್ತಲೇ ನೀರಿಗಿಳಿಯುತ್ತೇವೆ. ಸುತ್ತ ಹಿಮ, ಮೇಲೆ ನಿಧಾನವಾಗಿ ತಿಳಿಯಾಗುವ ಆಕಾಶ. ಬೆಳಕು ಬರುವ ಹೊತ್ತಿಗೆ ಗುಲ್‌ಫಾಸ್ ದಾರಿಯಲ್ಲಿರುತ್ತೇವೆ, ಇರುವ ನಾಲ್ಕು ಗಂಟೆ ಬೆಳಕೂ ಜಲಪಾತ, ಚಿಮ್ಮುಬುಗ್ಗೆ, ಥಿಂಗ್‌ವೆಟ್ಲಿರ್‌ಗೇ ಸಲ್ಲುತ್ತದೆ. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಎಲ್ಲರಿಗೂ ಕೊಡಬೇಕು, ಗುಲ್‌ಫಾಸ್‌ನ ಕೆಳಗಿನ ದಾರಿ ಮಂಜುಗಟ್ಟಿ ಮುಚ್ಚಿರುವುದರಿಂದ ಮೇಲಿನಿಂದಲೇ ನೋಡಿಸಬೇಕು. ಲೌಗರ್ವಾತ್ನ್ ಮತ್ತು ಥಿಂಗ್‌ವೆಟ್ಲಿರ್ ನಡುವಿನ ಎತ್ತರದ ರಸ್ತೆ ಗಾಳಿಗೆ ಮುಚ್ಚುವ ಸೂಚನೆಯಿದ್ದರೆ ಥಿಂಗ್‌ವೆಟ್ಲಿರ್ ಕೈಬಿಟ್ಟು ಸೆಲ್‌ಫೋಸ್ ಮೂಲಕವೇ ಹಿಂದಿರುಗುತ್ತೇನೆ ಎಂದು ಬುಕಿಂಗ್ ಮಾಡುವಾಗಲೇ ಲಿಖಿತವಾಗಿ ತಿಳಿಸುತ್ತೇನೆ, ಆ ದಿನ ಕೆರಿದ್ ಸೇರಿಸುತ್ತೇನೆ, ಹಣ ಹಿಂದಿರುಗಿಸುವುದಿಲ್ಲ. ಮುಂಗಡ ಬಂದ ಗಳಿಗೆಯಲ್ಲೇ ಕೊಳದ ಹತ್ತು ಗಂಟೆಯ ಟಿಕೆಟ್ ಕಾಯ್ದಿರಿಸಿಕೊಳ್ಳಿ. ಕ್ರಿಸ್‌ಮಸ್ ವಾರದಲ್ಲಿ ಅದಿಲ್ಲದಿದ್ದರೆ ಈ ಕ್ರಮಕ್ಕೆ ಕೈಹಾಕಬೇಡಿ.