ತಾತನ ಪಂಪ್ ಸ್ಟೌ ಮತ್ತೆ ಬುಸ್ ಎಂದಿತು

ಮೈಸೂರಿನ ಧನುರ್ಮಾಸದ ಚಳಿಗೆ ಅಮ್ಮನಿಗೆ ಸ್ನಾನಕ್ಕೆ ಸುಡುಸುಡು ನೀರೇ ಆಗಬೇಕು. ಗೀಸರ್ ಕೆಟ್ಟಿತ್ತು. ಅಟ್ಟದಿಂದ ತಾತನ ಹಿತ್ತಾಳೆ ಪಂಪ್ ಸ್ಟೌ ಇಳಿಸಿದೆ. 1892ರ ಸುಮಾರಿಗೆ ಸ್ವೀಡನ್ನಿನಲ್ಲಿ ಹುಟ್ಟಿದ ವಿನ್ಯಾಸ, ನಮ್ಮನೆಯದೂ ಆಗಿಂದಲೇ ಇದೆಯೇನೋ ಅನ್ನಿಸುವಂತಿತ್ತು.

ಪಂಪ್ ಹೊಡೆದರೆ ಹಿಡಿತವೇ ಇಲ್ಲ. ಕಡ್ಡಿ ಸುಮ್ನೆ ಒಳಗೆ ಹೊರಗೆ ಓಡಾಡುತ್ತಿತ್ತು. ಬಿಚ್ಚಿ ನೋಡಿದರೆ ತುದಿಯ ಚರ್ಮದ ವಾಷರ್ ಹುಣಸೆ ಸಿಪ್ಪೆ ಥರ ಒಣಗಿ ಮುದುಡಿದೆ. ಹೊಸದು ತರಲು ಹೊರಟೆ.

"ಕೊಬ್ರಿ ಎಣ್ಣೇಲಿ ನೆನೆ ಹಾಕೋ, ಸರಿಹೋಗತ್ತೆ" ಅಂದರು ಅಮ್ಮ.

ಒಂದು ಗಂಟೆ ನೆನೆಸಿ, ಅಂಚನ್ನು ಬೆರಳಲ್ಲಿ ಮೆಲ್ಲಗೆ ಅಗಲಿಸಿ ಹಾಕಿದೆ. ಪಂಪ್ ಬಿಗಿಯಾಯಿತು!

ಆದರೆ ಉರಿ ಹಳದಿ, ಹಂಡೆಯ ತಳವೆಲ್ಲ ಮಸಿ. ತಪ್ಪು ನನ್ನದೇ. ಬರ್ನರ್ ಕಾಯುವ ಮೊದಲೇ ಆತುರಪಟ್ಟು ಪಂಪ್ ಹೊಡೆದಿದ್ದೆ. ಸೀಮೆಎಣ್ಣೆ ಬಿಸಿ ಕೊಳವೆಯಲ್ಲಿ ಆವಿಯಾಗಿ ಬಂದರೇನೇ ನೀಲಿ ಉರಿ ಅಲ್ವಾ? ಇಲ್ಲದಿದ್ದರೆ ಹಸಿ ಎಣ್ಣೆ ಹೊತ್ತಿ ಹೊಗೆಯಾಡುತ್ತದೆ. ಮರುದಿನ ಆವಿ ಚಿಮ್ಮುವ ಸಣ್ಣ ತೂತಿನ ನಿಪ್ಪಲ್‌ಗೆ ಪಿನ್ ಹಾಕಿ ಮಸಿ ತೆಗೆದೆ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚಿ, ಅದು ಇನ್ನೇನು ಆರುವಾಗ ಪಂಪ್ ಹೊಡೆದೆ. ಬುಸ್!

ಆಮೇಲೂ ಆಗಾಗ ಚಟಪಟ ಅನ್ನುತ್ತಿತ್ತು. ಎಣ್ಣೆಯನ್ನು ಗಾಜಿನ ಬಾಟಲಿಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟೆ. ತಳದಲ್ಲಿ ಬೆರಳಗಲ ನೀರು! ಮೇಲಿನದನ್ನಷ್ಟೇ ಸೋಸಿ ತುಂಬಿದೆ.

ಬಚ್ಚಲ ಕಿಟಕಿ ತೆರೆದೇ ಇಡುತ್ತೇನೆ. ಸ್ಟೌ ಆರಿಸಿ, ಗಾಳಿ ಬಿಟ್ಟು, ಪೂರ್ತಿ ತಣ್ಣಗಾದ ಮೇಲಷ್ಟೇ ಎಣ್ಣೆ ಹಾಕುವುದು.

ಗೀಸರ್ ರಿಪೇರಿಯವನು ಇನ್ನೂ ಬಂದಿಲ್ಲ. ಅಮ್ಮ ಕೇಳುತ್ತಲೂ ಇಲ್ಲ.