ಸೂಪರ್‌ಹೀರೊ ಕಥೆ ಕೈಬದಲಾಗುವಾಗ

ಹೊಲ ಲಾವಣಿಗೆ ಕೊಡುವಾಗ ಬಾವಿ ನೀರು ಯಾರಿಗೆ, ನಿಂತ ಬೆಳೆ ಯಾರದು ಎಂದು ಮೊದಲೇ ಮಾತಾಗುತ್ತದೆ. ಕಾಮಿಕ್ಸ್ ಬರೆಯುವವರು ಮಾತ್ರ ನಡೆಯುತ್ತಿರುವ ಕಥೆಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಹಳೆಯ ಸಂಚಿಕೆಗಳ ಕಟ್ಟು ಕೊಟ್ಟು ಎದ್ದು ಹೋಗುತ್ತಾರೆ. ಅಚ್ಚಾದದ್ದನ್ನು ಯಾರಾದರೂ ಓದಿಕೊಂಡಾರು; ತೊಡಕಿರುವುದು ಇನ್ನೂ ಅಚ್ಚಾಗದ ಉತ್ತರಗಳಲ್ಲಿ.

ಹಾಬ್‌ಗಾಬ್ಲಿನ್ ಪಾಡು ನೋಡಿ. ರೋಜರ್ ಸ್ಟರ್ನ್ 1983ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಈ ಮುಖವಾಡದ ಖಳನನ್ನು ತಂದರು, ಒಳಗಿರುವವ ಯಾರೆಂದು ಬಿಚ್ಚುವ ಮೊದಲೇ ಹೊರಟರು. ಮುಂದೆ ಬಂದವರು ತಲೆಗೊಂದು ಉತ್ತರ ಹಿಡಿದರು. 1987ರಲ್ಲಿ ವರದಿಗಾರ ನೆಡ್ ಲೀಡ್ಸ್‌ನೇ ಅವನು ಎಂದಾಯಿತು. ಆದರೆ ನೆಡ್ ಅಷ್ಟರಲ್ಲಿ ಬೇರೊಂದು ಸಂಚಿಕೆಯಲ್ಲಿ ಸತ್ತಿದ್ದ! ಸ್ಟರ್ನ್ ಮರಳಿ ಬಂದು ನಿಜವಾದವನು ರಾಡ್ರಿಕ್ ಕಿಂಗ್ಸ್ಲಿ ಎಂದು ಬರೆದದ್ದು 1997ರಲ್ಲಿ.

ಆದ್ದರಿಂದ ಮೊದಲು ಒಂದು ಉದ್ರಿ ಪಟ್ಟಿ ಮಾಡಿ. ಓದುಗರಿಗೆ ತೀರಿಸಬೇಕಾದ ಪ್ರತಿ ಬಾಕಿಗೂ ಒಂದು ಸಾಲು. ವಿಜಯಪುರದ ಹೀರೊ ಇದ್ದಾನೆನ್ನಿ:

"3ನೇ ಸಂಚಿಕೆ, ಪುಟ 14. ಗೋಳಗುಮ್ಮಟದ ಮೇಲೆ ಪಿಸುದನಿಯಲ್ಲಿ ಅವನ ನಿಜವಾದ ಹೆಸರು ಕರೆದದ್ದು ಯಾರು? ಕರೆದವರು ಯಾರೆಂದು ಗೊತ್ತಿರುವುದು ತಂಗಿಗೆ ಮಾತ್ರ. ಉತ್ತರ: ಸೋದರಮಾವ. 9ನೇ ಸಂಚಿಕೆಯೊಳಗೆ ಬಿಚ್ಚಬೇಕು."

ಉತ್ತರದ ಜಾಗದಲ್ಲಿ "ಆಮೇಲೆ ನೋಡೋಣು" ಎಂದಿದ್ದರೆ ಕಥೆ ಹರಿದು ಚಿಂದಿಯಾಗುವುದು ಅಲ್ಲೇ. ಹೊಸಬರಿಗೆ ಉತ್ತರ ಹಿಡಿಸದಿದ್ದರೆ ಕೂತು ಬದಲಿಸಲಿ, ಆದರೆ ಬರೆಯಲು ಹಿಡಿಯುವ ಮೊದಲು. ಪಟ್ಟಿಗೆ ಇಬ್ಬರೂ, ಸಂಪಾದಕರೂ ಸಹಿ ಹಾಕಲಿ. ಬಾಕಿ ಐದಾರಕ್ಕಿಂತ ಹೆಚ್ಚಿದ್ದರೆ ಹೋಗುವವರೇ ಎರಡನ್ನು ತೀರಿಸಿ ಹೋಗಬೇಕು.

ಹಳಬರು, ಹೊಸಬರು ಸೇರಿ ಎರಡು ಸಂಚಿಕೆ ಜೋಡಿಯಾಗಿ ಬರೆಯಿರಿ. 1975ರಲ್ಲಿ ಸೂಪರ್‌ಹೀರೊ ತಂಡದ ಪತ್ರಿಕೆ ಎಕ್ಸ್‌-ಮೆನ್‌ನ 94, 95ನೇ ಸಂಚಿಕೆಗಳಿಗೆ ಕಥೆ ಹೆಣೆದವರು ಲೆನ್ ವೀನ್, ಮಾತು ಬರೆದವರು ಕ್ರಿಸ್ ಕ್ಲೇರ್‌ಮಾಂಟ್. ಆಮೇಲೆ ಕ್ಲೇರ್‌ಮಾಂಟ್ 1991ರವರೆಗೆ ಅದನ್ನು ನಡೆಸಿದರು. ಜೋಡಿ ಬರವಣಿಗೆಯಲ್ಲಿ ದಕ್ಕುವುದು ಪಾತ್ರದ ನಾಲಿಗೆ. "ನಾ ಹೊಂಟೀನಿ" ಎನ್ನುತ್ತಿದ್ದವ ಮುಂದಿನ ತಿಂಗಳು "ನಾನು ಹೋಗ್ತಿದೀನಿ" ಎಂದರೆ ಓದುಗ ಮೊದಲ ಪುಟದಲ್ಲೇ ಹಿಡಿಯುತ್ತಾನೆ. ಹೀರೊ, ಖಳ, ಮನೆಯವರು ಆಡಿದ ಹತ್ತತ್ತು ಮಾತು ಪಟ್ಟಿಯ ಹಿಂದೆ ಬರೆದಿಡಿ.

ಕಲಾವಿದರನ್ನು ಮರೆಯಬೇಡಿ. 20 ಪುಟ ಬಿಡಿಸಲು ತಿಂಗಳು ಹಿಡಿಯುತ್ತದೆ. ಅವರ ಕೈಯಲ್ಲಿ ಹಳಬರ ಒಂದು ಸ್ಕ್ರಿಪ್ಟ್ ಇರುವಾಗಲೇ ಹೊಸಬರು ಬರಬೇಕು, ಅಂದರೆ ಅಚ್ಚಿಗೆ ಮೂರು ತಿಂಗಳು ಮೊದಲು. ಗಾಯದ ಗುರುತು ಎಡಗೆನ್ನೆಯೋ ಬಲಗೆನ್ನೆಯೋ ಎನ್ನುವುದು ಪಾತ್ರಗಳ ಮಾದರಿ ಚಿತ್ರದ ಹಾಳೆಯಲ್ಲಿರಲಿ.

ಒಂದೇ ಹೀರೊನನ್ನು ಬೆಳಗಾವಿಯಲ್ಲೊಬ್ಬರು, ಬಾಗಲಕೋಟೆಯಲ್ಲೊಬ್ಬರು ಬೇರೆಬೇರೆ ಪತ್ರಿಕೆಗಳಲ್ಲಿ ಬರೆಯುತ್ತಿದ್ದರೆ ಕೆಲಸ ಇಮ್ಮಡಿ. 1990ರ ದಶಕದ ಸೂಪರ್‌ಮ್ಯಾನ್ ಪತ್ರಿಕೆಗಳು ನಾಲ್ಕಿದ್ದರೂ ಕಥೆ ಒಂದೇ. ಯಾವುದರ ನಂತರ ಯಾವುದು ಓದಬೇಕೆಂದು ಮುಖಪುಟದ ತ್ರಿಕೋನದಲ್ಲಿ ಸಂಖ್ಯೆ ಇರುತ್ತಿತ್ತು. ಬರಹಗಾರರು ವರ್ಷಕ್ಕೊಮ್ಮೆ ಒಟ್ಟಿಗೆ ಕೂತು ಕಥೆಯ ದಾರಿ ಗೊತ್ತುಮಾಡುತ್ತಿದ್ದರು. ಸಾವು, ಮದುವೆ, ಗುಟ್ಟು ರಟ್ಟಾಗುವುದು, ಈ ಮೂರಕ್ಕೆ ಎಲ್ಲರ ಒಪ್ಪಿಗೆ ಬೇಕು.

ಹೋಗುವವರು ಕೊನೆಯ ಸಂಚಿಕೆಯಲ್ಲಿ ಹೊಸ ಗಂಟು ಹಾಕಬಾರದು. ಬಂದವರು ಮೊದಲ ಸಂಚಿಕೆಯಲ್ಲೇ ಹಿಂದಿನದೆಲ್ಲ ಕನಸು ಎನ್ನಬಾರದು. ಆರು ಸಂಚಿಕೆ ತಡೆದುಕೊಂಡರೆ ಆ ಆಸೆ ತಾನೇ ಹೋಗುತ್ತದೆ.